ಹುರುಳಿ ಹಾಸಿದ ರಸ್ತೆ

ನಮ್ಮವ್ವ ಸಾಕಮ್ಮ ರಸ್ತೆಯನ್ನು ನೋಡುವುದು ಕಿವಿಯಿಂದ.

ಸಂಕ್ರಾಂತಿಯ ಆಚೀಚೆ ಹುರುಳಿ (ನಮ್ಮವರ ಬಾಯಲ್ಲಿ ಉಳ್ಳಿ) ಕಿತ್ತ ಮೇಲೆ ನಮ್ಮೂರಿನವರು ಒಣಗಿದ ಗಿಡಗಳನ್ನು ತಂದು ಟಾರು ರಸ್ತೆಗೆ ಹಾಸುತ್ತಾರೆ. ಹೋಗುವ ಬರುವ ಬಸ್ಸು, ಲಾರಿಗಳು ಅದರ ಮೇಲೆ ಹತ್ತಿ ಕಾಳು ಬಿಡಿಸಿಕೊಡುತ್ತವೆ. ಹಿಂದೆ ಕಣ ಇದ್ದವರು ಕಣದಲ್ಲಿ ಒಕ್ಕುತ್ತಿದ್ದರಂತೆ. ನಮ್ಮ ಬೀದಿಯವರಿಗೆ ಕಣವೆಂಬುದು ಎಂದೂ ಇರಲಿಲ್ಲ. ಈಗ ಅವರಿಗೂ ಇಲ್ಲ, ರಸ್ತೆಯೇ ಎಲ್ಲರ ಕಣ. ಗಾಡಿ ಹೋದ ಮೇಲೆ ಅವ್ವ ರಸ್ತೆಗಿಳಿದು ಕವೆಗೋಲಿನಿಂದ ಗಿಡ ತಿರುವಿಹಾಕುತ್ತಾಳೆ. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಉದುರಿದ ಕಾಳನ್ನು ಪೊರಕೆಯಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾಳೆ. ಯಾವಾಗಲೂ ನಾಲೆಯ ಸೇತುವೆಯ ಕಡೆಗೆ ಬೆನ್ನು. ಗಾಳಿ ಬೀಸುವುದು ಆ ಕಡೆಯಿಂದ. ಹುರುಳಿಯ ಹೊಟ್ಟು ಕಣ್ಣಿಗೆ ಬಿದ್ದರೆ ಸಂಜೆಯವರೆಗೂ ಉರಿ ಹೋಗುವುದಿಲ್ಲ.

ಸೇತುವೆ ದಾಟಿ ಬರುವ ಗಾಡಿ ಬೆನ್ನಿಗೆ ಕಾಣುವುದಿಲ್ಲ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸು ಸೇತುವೆ ಹತ್ತುವಾಗ ಗೇರು ಬದಲಿಸಿ ನರಳುತ್ತದೆ. ಕಬ್ಬಿನ ಟ್ರ್ಯಾಕ್ಟರಿಗೆ ಇನ್ನೊಂದು ಸದ್ದು, ಹಾಲಿನ ವ್ಯಾನಿಗೆ ಮತ್ತೊಂದು. ಅವ್ವ ತಲೆ ಎತ್ತದೆ "ಬಸ್ಸು" ಎನ್ನುತ್ತಾಳೆ, ಎದ್ದು ಪಕ್ಕಕ್ಕೆ ಸರಿಯುತ್ತಾಳೆ. ಅವಸರವಿಲ್ಲ. ಚಿಕ್ಕವಳಿದ್ದಾಗ ನಾನು ರಸ್ತೆಯಂಚಿನಲ್ಲಿ ನಿಂತು, ಅವಳು ಏಳುವವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ನನ್ನನ್ನು ಗೋಳು ಹುಯ್ದುಕೊಳ್ಳಲೆಂದೇ ಕೆಲವು ಸಲ ಒಂದೆರಡು ಸಾರಿ ಹೆಚ್ಚಿಗೆ ಪೊರಕೆ ಆಡಿಸಿ ಏಳುತ್ತಿದ್ದಳು.

ನಾನು ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ಓದಿದವಳು. ಈಗ ಮೈಸೂರಿನಲ್ಲಿ ವೆಲ್ಡೋರ್ ಎಂಬ ವಿದೇಶಿ ಕಂಪನಿಯ ಕಾರು ಮಾರುವ ಶೋರೂಮಿನಲ್ಲಿ ಕೆಲಸ. ಕೊಳ್ಳಲು ಬಂದವರು ಗಾಡಿ ಓಡಿಸಿ ನೋಡುವಾಗ ಪಕ್ಕದ ಸೀಟಿನಲ್ಲಿ ಕೂತು, ಕೇಳಿದ್ದಕ್ಕೆ ಹೇಳಬೇಕು. ಕೇಳದಿದ್ದರೆ ಸುಮ್ಮನಿರಬೇಕು. ನನಗೆ ಕೆಲಸ ಕೊಡಿಸಿದ್ದು ಆ ಎರಡನೆಯದೇ. ಸಂದರ್ಶನದಲ್ಲಿ ಮ್ಯಾನೇಜರ್ ಸುಪ್ರೀತ್ ಹೇಳಿದ್ದರು: "ದೊಡ್ಡ ಗಾಡಿ ಕೊಳ್ಳೋರ ಪಕ್ಕ ವಟವಟ ಅನ್ನೋರು ಆಗಲ್ಲ. ನೀವು ಸರಿಯಾಗ್ತೀರಿ."

ಈ ವರ್ಷ ಕಂಪನಿ ಒಟ್ಟಿಗೆ ಐದು ಹೊಸ ಮಾದರಿಗಳನ್ನು ಇಳಿಸಿತು. ಎರಡು ಸ್ಪೋರ್ಟ್ಸ್ ಕಾರು, ಮೂರು ಎಸ್‌ಯುವಿ. ಸ್ಪೋರ್ಟ್ಸ್ ಕಾರುಗಳು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ತಗ್ಗಾಗಿದ್ದವು, ಸ್ಟಾರ್ಟ್ ಮಾಡಿದರೆ ಎದೆಯೊಳಗೆ ಗುಡುಗಿದ ಹಾಗಾಗುತ್ತಿತ್ತು. ಎಸ್‌ಯುವಿಗಳಲ್ಲಿ ಕಪ್ಪು ಬಣ್ಣದ್ದು ಪೆಟ್ರೋಲಿನದು. ಬಿಳಿಯದು ಮತ್ತು ಬೂದುಬಣ್ಣದ್ದು ಕರೆಂಟಿನವು. ಆ ಎರಡಕ್ಕೆ ಸದ್ದೇ ಇರಲಿಲ್ಲ. ತೀರಾ ನಿಧಾನ ಹೋಗುವಾಗ ಸೊಳ್ಳೆ ಗುಂಯ್ಗುಟ್ಟಿದಂಥ ಒಂದು ದನಿ, ವೇಗ ಏರಿದರೆ ಅದೂ ಇಲ್ಲ. ಆಹ್ವಾನ ಪತ್ರಿಕೆಗೆ ಕನ್ನಡದಲ್ಲಿ ಒಂದು ಸಾಲು ಬೇಕೆಂದು ಸುಪ್ರೀತ್ ಕೇಳಿದಾಗ ನಾನು ಬರೆದುಕೊಟ್ಟದ್ದು ಹೀಗೆ: ಬಂದದ್ದೇ ತಿಳಿಯದು. ಎಲ್ಲರೂ ಮೆಚ್ಚಿದರು.

ರಸ್ತೆಯನ್ನು ಹೇಳಿಕೊಟ್ಟವಳೂ ನಾನೇ. ಹೈವೇಯಲ್ಲಿ ಲಾರಿ ಹೆಚ್ಚು, ಖಾಲಿಯಾದ ಒಳ್ಳೆಯ ರಸ್ತೆ ಬೇಕು ಎಂದು ದೀಪಾವಳಿ ಕಳೆದ ಮೇಲೆ ಸುಪ್ರೀತ್ ಹುಡುಕುತ್ತಿದ್ದರು.

"ಮಧುಶ್ರೀ, ನೀವು ನಂಜನಗೂಡಿನ ಆಚೆಯವರಲ್ವಾ?"

"ಹೌದು ಸರ್. ನಮ್ಮೂರಿನ ರಸ್ತೆಗೆ ಈಗ ಹೊಸದಾಗಿ ಟಾರು ಹಾಕಿದಾರೆ. ಗಾಡಿ ಕಮ್ಮಿ."

"ಊರೊಳಗೆ ಎಲ್ಲಿ ನಿಮ್ಮನೆ?"

ಈ ಪ್ರಶ್ನೆ ನನಗೆ ಹೊಸದಲ್ಲ. ಊರಿನ ಹೆಸರು ಸಾಕಾಗದೆ ಬೀದಿಯನ್ನು ಕೇಳುವವರನ್ನು ಕಾಲೇಜಿನಿಂದಲೂ ಕಂಡಿದ್ದೇನೆ. "ರೋಡ್ ಪಕ್ಕದಲ್ಲೇ ಸರ್" ಎಂದೆ. ಅವರು ಮುಂದೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಗ ರಸ್ತೆ ನಿಜಕ್ಕೂ ಖಾಲಿಯಿತ್ತು. ಆದರೆ ಗಾಡಿಗಳು ಬರುವುದು ತಡವಾಯಿತು. ಕಾರ್ಯಕ್ರಮ ಮುಂದಕ್ಕೆ ಹೋಗಿ ಹೋಗಿ ಸಂಕ್ರಾಂತಿಯ ಮಾರನೆಯ ವಾರಕ್ಕೆ ನಿಂತಿತು. ಹೊಸ ದಿನಾಂಕ ಓದುವಾಗ ನನಗೆ ಗಾಡಿಗಳು ನೆನಪಿದ್ದವು, ಬರುವವರ ಊಟತಿಂಡಿ ನೆನಪಿತ್ತು. ಹುರುಳಿ ನೆನಪಾಗಲಿಲ್ಲ.

ನಂಜನಗೂಡಿನಲ್ಲಿ ಹೊಳೆಯ ಹತ್ತಿರದ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಐದೂ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, ಸ್ಪೋರ್ಟ್ಸ್ ಕಾರಿನ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಗ ಅವ್ವನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ನನ್ನ ತಂಗಿ ಕೋಮಲ.

"ಅಕ್ಕ, ಅವ್ವನ ಫೋನ್ ನನ್ ತಾವದೆ. ನನ್ ಫೋನು ಕೆಟ್ಟೋಗದೆ, ರಿಪೇರಿಗೆ ಅಂತ ಬನ್ನೂರಿಗೆ ಬಂದೀನಿ. ಮಾಡಿದ್ರೆ ಈ ನಂಬರಿಗೆ ಮಾಡು."

"ಅವ್ವ ಎಲ್ಲಿ?"

"ಎಲ್ಲಿರ್ತದೆ, ರೋಡಲ್ಲದೆ. ಇವತ್ತೇ ಉಳ್ಳಿ ಆಕದೆ. ವಸ ಟಾರು, ಮಣ್ಣು ಸೇರಲ್ಲ ಅಂತ ಬೆಳಗ್ಗೆನೇ ಓಗಿ ಸೇತುವೆ ಇಳುದ್ರೆ ಅಲ್ಲೇ ಜಾಗ ಇಡ್ಕಂಡದೆ. ಅಲ್ಲಕ್ಕ, ನಿಮ್ ಕಂಪ್ನಿ ಕಾರು ನಮ್ ರೋಡಲ್ಲೇ ಬತ್ತವಂತೆ? ಉಳ್ಳಿ ಮೇಲೇ ಅತ್ಸಕ್ಕೇಳು. ಅವ್ವುಂಗೆ ಒಂದು ಬಸ್ಸಿನ ಕೆಲ್ಸ ಉಳೀತದೆ."

ಅವಳು ನಗುತ್ತಿದ್ದಳು. ನಾನು ಫೋನು ಕಿವಿಯಲ್ಲಿ ಹಿಡಿದುಕೊಂಡೇ ಆ ಬೂದುಬಣ್ಣದ ಗಾಡಿಯನ್ನು ನೋಡಿದೆ. ಅದರ ಕೀಲಿ ನನ್ನ ಕೈಯಲ್ಲಿತ್ತು.

"ಕೋಮಲ, ಅಲ್ಲಿ ಯಾರಿಗಾದ್ರೂ ಫೋನ್ ಮಾಡಿ ಅವ್ವುಂಗೆ ಹೇಳ್ಸು. ರಸ್ತೆ ಬಿಟ್ಟು ಕೂತ್ಕೊಳ್ಳಕ್ಕೆ ಹೇಳು."

"ಎಲ್ಲಾ ರೋಡಲ್ಲವ್ರೆ ಕಣಕ್ಕ. ಉಳ್ಳಿ ಒಕ್ಕೋವಾಗ ಯಾರು ಫೋನ್ ಮಡೀಕಂಡಿರ್ತಾರೆ? ಯಾಕೆ, ಏನಾಯ್ತು?"

"ಏನಿಲ್ಲ" ಎಂದೆ. ಅದು ನನ್ನ ಬಾಯಿಗೆ ಬೇಗ ಬರುವ ಮಾತು.

ಸುಪ್ರೀತರ ಹತ್ತಿರ ಹೋಗಿ, ಆ ರಸ್ತೆಯಲ್ಲಿ ಇವತ್ತು ಹುರುಳಿ ಹಾಸಿದ್ದಾರೆ ಎಂದು ಹೇಳಿದೆ. ಅವರು ನಂಜನಗೂಡಿನವರೇ, ತಾತ ಅಲ್ಲಿನ ದೇವಸ್ಥಾನದ ಕೈಂಕರ್ಯದಲ್ಲಿದ್ದವರು. ಹುರುಳಿ ಹಾಸುವುದೆಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಖ ಗಂಭೀರವಾಯಿತು.

"ಅಯ್ಯೋ, ಒಳ್ಳೇದು ಹೇಳಿದ್ರಿ. ಆ ಬಳ್ಳಿ ಅಡೀಲಿ ಸುತ್ಕೊಂಡು ಬೆಂಕಿ ಹತ್ತತ್ತೆ. ಸ್ಪೋರ್ಟ್ಸ್ ಎರಡೂ ಹೈವೇಗೇ ಹೋಗಲಿ. ಕಪ್ಪು ಎಸ್‌ಯುವಿನೂ ಬೇಡ, ಸೈಲೆನ್ಸರ್ ಕಾದಿರತ್ತೆ." ಸ್ವಲ್ಪ ಯೋಚಿಸಿದರು. "ಕರೆಂಟಿನವಕ್ಕೆ ಆ ಭಯ ಇಲ್ಲ. ಅಡೀಲಿ ಬಿಸಿ ಆಗೋದೇನೂ ಇಲ್ಲ, ಎತ್ತರಾನೂ ಇದೆ. ಅವೆರಡು ಮಾತ್ರ ಆ ಕಡೆ ಬರಲಿ."

ಸದ್ದು ಮಾಡುವ ಮೂರನ್ನೂ ಆ ರಸ್ತೆಯಿಂದ ತೆಗೆಸಿ, ಸದ್ದಿಲ್ಲದ ಎರಡನ್ನು ಉಳಿಸಿದ್ದೆ.

"ರಸ್ತೇಲಿ ಜನ ಇರ್ತಾರೆ ಸರ್."

"ಜನ ಎಲ್ಲಿರಲ್ಲ ಹೇಳಿ? ಸರ್ಕೋತಾರೆ. ಎದುರಿಗೆ ಯಾರಿದ್ರೂ ಗಾಡಿಗೇ ಕಾಣತ್ತೆ, ನೀವೇ ಎಲ್ಲರಿಗೂ ಹೇಳ್ತೀರಲ್ಲ." ಅವರು ನಕ್ಕು ನನ್ನ ಹಿಂದೆ ನೋಡಿದರು. "ಹೋಗಿ, ನಿಮ್ಮೋರು ಕಾಯ್ತಿದಾರೆ."

ಇನ್ನೊಂದು ವಾಕ್ಯ ಬಾಕಿಯಿತ್ತು. ಅದನ್ನು ಹೇಳಿದ್ದರೆ ಅವರು ರಸ್ತೆ ಬದಲಿಸುತ್ತಿದ್ದರೇನೋ. ಅಂಗಳದಲ್ಲಿ ಅಷ್ಟು ಜನ, ಅವರ ವಾಚುಗಳು, ಅತ್ತರಿನ ವಾಸನೆ. ಕೀಲಿ ತಿರುವುತ್ತ ಗಾಡಿಯ ಕಡೆಗೆ ನಡೆದೆ. ದಾರಿಯಲ್ಲಿ ಹೇಳಿದರಾಯಿತು, ಸೇತುವೆಗೆ ಮೊದಲು ನಿಲ್ಲಿಸಿದರಾಯಿತು, ಪಕ್ಕದಲ್ಲೇ ಇರುತ್ತೇನಲ್ಲ ಎಂದುಕೊಂಡೆ.

ನಮ್ಮವರೆಂದರೆ ತಿ. ನರಸೀಪುರದ ಅಕ್ಕಿ ಗಿರಣಿಯ ಮಲ್ಲಿಕಾರ್ಜುನ್ ಮತ್ತು ಅವರ ಹೆಂಡತಿ ನಾಗರತ್ನ. ಮಲ್ಲಿಕಾರ್ಜುನ್ ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗ್ ಸವರಿದರು.

"ಸ್ಟಾರ್ಟ್ ಮಾಡಮ್ಮ ಮತ್ತೆ."

"ಆಗಿದೆ ಸಾರ್."

ಬಾವಿಗೆ ಕಲ್ಲು ಹಾಕಿದವರಂತೆ ತಲೆ ವಾಲಿಸಿ ಕಾದರು. ಏನೂ ಕೇಳಲಿಲ್ಲ. ಹಿಂದಿನಿಂದ ನಾಗರತ್ನ, "ಸಾವಾದ ಮನೇಲಿ ಕೂತಂಗದೆ ಕಣ್ರೀ" ಎಂದರು.

"ವಸಾ ಗಾಡೀಲಿ ಕೂತ್ಕಂಡು ಆಡೋ ಮಾತಾ ಅದು? ನಿನ್ ಬಾಯಿಗೆ ಸಕ್ರೆ ಹಾಕ."

"ಸಕ್ರೆ ನಿಮಗೇ ಜಾಸ್ತಿ ಆಗದೆ, ಡಾಕ್ಟ್ರು ಏಳಿಲ್ವಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗು ಮುಖದ ಮೇಲೇ ಉಳಿದುಕೊಂಡಿತು, ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಊರು ದಾಟಿ ದೊಡ್ಡ ರಸ್ತೆ ಬಿಟ್ಟು ಒಳರಸ್ತೆಗೆ ತಿರುಗಿದೆವು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ, ನಡುನಡುವೆ ಕಬ್ಬು. ಗಾಡಿಯೊಳಗೆ ಗಾಳಿಯ ಸದ್ದೂ ಬರುವುದಿಲ್ಲ, ಗಾಜು ಎರಡು ಪದರದ್ದು. ಮುಂದಿನ ಪರದೆಯ ಮೇಲೆ ಸುತ್ತಲಿನ ರಸ್ತೆ ಚಿತ್ರವಾಗಿ ಮೂಡುತ್ತದೆ: ಬೈಕು ಬಂದರೆ ಬೈಕಿನ ಚಿತ್ರ, ಮನುಷ್ಯರಿದ್ದರೆ ಬೂದಿಬಣ್ಣದ ಸಣ್ಣ ಗೊಂಬೆ. ಎದುರಿಗೆ ಎತ್ತಿನ ಗಾಡಿಯೊಂದು ಬಂತು. ಪರದೆ ಸ್ವಲ್ಪ ತಡವರಿಸಿ ಅದನ್ನು ಲಾರಿ ಎಂದು ತೋರಿಸಿತು.

"ಎತ್ತಿಗೂ ಪರ್ಮಿಟ್ ಕೊಡ್ತಲ್ಲಾ ನಿಮ್ ಗಾಡಿ" ಎಂದು ಮಲ್ಲಿಕಾರ್ಜುನ್ ನಕ್ಕರು.

ನನಗೆ ನಗು ಬರಲಿಲ್ಲ. ಗೊತ್ತಿಲ್ಲದ್ದನ್ನು ಕಂಡಾಗ ಗಾಡಿ ತನಗೆ ಗೊತ್ತಿರುವ ಯಾವುದೋ ಒಂದನ್ನು ಹೇಳುತ್ತದೆ. ಅದೂ ಸಿಗದಿದ್ದರೆ ಏನು ಹೇಳುತ್ತದೆ ಎಂದು ನಮ್ಮ ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ.

"ಸಾರ್, ಮುಂದೆ ರಸ್ತೇಲಿ ಹುರುಳಿ ಹಾಸಿದಾರೆ. ಸ್ವಲ್ಪ ನಿಧಾನ ಹೋಗಿ."

"ಓ, ಒಕ್ಕಣೆಯಾ. ಆಗ್ಲಿ ಆಗ್ಲಿ" ಎಂದು ಅವರು ನಿಧಾನ ಮಾಡಿದರು. ಮೊದಲ ರಾಶಿ ಕಂಡಿತು. ಅಲ್ಲಿದ್ದದ್ದು ನಮ್ಮ ಪಕ್ಕದ ಮನೆಯ ಮಲ್ಲಾಜಮ್ಮ. ಅದೃಷ್ಟಕ್ಕೆ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಳು. ಗಾಡಿಯನ್ನು ಕಂಡು ಪಕ್ಕಕ್ಕೆ ಸರಿದು, ಬನ್ನಿ ಬನ್ನಿ, ಮೇಲೇ ಹತ್ತಿಸಿ ಎಂದು ಕೈಬೀಸಿದಳು. ಚಕ್ರದಡಿ ಗಿಡಗಳು ಮುರಿಯುವ ಸದ್ದು ಮಂದವಾಗಿ ಒಳಗೆ ಬಂತು. ನಮ್ಮ ಮಾತು ಬಿಟ್ಟರೆ ಆ ದಿನ ಆ ಗಾಡಿಯಲ್ಲಿ ಕೇಳಿದ ಮೊದಲ ಸದ್ದು ಅದು. ಅವಳು ಬಗ್ಗಿ ಒಳಗೆ ಇಣುಕಿದಳು, ಕಪ್ಪು ಗಾಜಿನಲ್ಲಿ ನಾನು ಕಾಣಲಿಲ್ಲ. ನಿಲ್ಲಿಸಿ ಅವಳನ್ನೇ ಕೂಗಿ ಹೇಳಬಹುದಿತ್ತು ಎಂದು ಹೊಳೆಯುವಷ್ಟರಲ್ಲಿ ಅವಳು ಹಿಂದೆ ಉಳಿದಿದ್ದಳು.

ಮಲ್ಲಿಕಾರ್ಜುನ್ ಖುಷಿಯಾಗಿದ್ದರು. "ನಮ್ಮಪ್ಪನೂ ಹಿಂಗೇ ರೋಡಲ್ಲಿ ಆಕ್ಸೋನು. ಪಕ್ಕದಲ್ಲಿ ಓಗ್ಬಾರ್ದು ಕಣಮ್ಮ, ಮೇಲೇ ಅತ್ಸಬೇಕು. ಜೋರಾಗಿ ಅತ್ಸುದ್ರೆ ಕಾಳು ಚೆನ್ನಾಗಿ ಉದುರ್ತದೆ. ಪಾಪ, ಅವ್ರಿಗೊಂದು ಸಹಾಯ."

"ಸಾರ್, ಸೇತುವೆ ಆಚೆ ಇನ್ನೂ ಜನ ಇದಾರೆ. ಬೆನ್ನು ಹಾಕಿ ಕೂತಿರ್ತಾರೆ. ದಯವಿಟ್ಟು ನಿಧಾನ."

"ಸದ್ದು ಕೇಳುದ್ರೆ ಎದ್ಕತಾರೆ ಬುಡಮ್ಮ. ನಾನೇ ಎಷ್ಟು ಸಲ ಎದ್ದಿಲ್ಲ."

"ಸದ್ದಿಲ್ಲ ಸಾರ್ ಇದಕ್ಕೆ."

"ಅದ್ಕೇ ಅಲ್ವಾ ನಾವು ತಕ್ಕೊಳಕ್ಕೆ ಬಂದಿರೋದು" ಎಂದು ಅವರು ಕನ್ನಡಿಯಲ್ಲಿ ಹೆಂಡತಿಯತ್ತ ಕಣ್ಣು ಮಿಟುಕಿಸಿದರು.

ರಸ್ತೆ ಸೇತುವೆಯ ಕಡೆಗೆ ಏರತೊಡಗಿತು. ಏರಿನಲ್ಲಿ ಅವರ ಕಾಲು ತಾನಾಗಿ ಒತ್ತಿತು. ಹಳೆಯ ಗಾಡಿಗಳ ರೂಢಿ ಅದು. ಆದರೆ ಈ ಗಾಡಿಗೆ ಏರು ಏರಲ್ಲ; ಒತ್ತಿದಷ್ಟೂ ಹಾರುತ್ತದೆ. ಬೆನ್ನು ಸೀಟಿಗೆ ಅಂಟಿತು.

"ಸಾರ್, ಅಲ್ಲಿ ನಮ್ಮ—"

"ಏನಮ್ಮ, ಈ ಸೀಟು ಯಾಕೆ ತಣ್ಣಗಾಯ್ತಾ ಅದೆ?" ನಾಗರತ್ನ ಕೇಳಿದರು. "ನೀರು ಚೆಲ್ಲೋಗದಾ ಅಂತ ಎದುರ್ಕಂಡೆ."

"ಸೀಟಿನೊಳಗೆ ಫ್ಯಾನ್ ಇದೆ ಮೇಡಂ. ಆ ಬಾಗಿಲಿನ ಬಟನ್—" ನನ್ನ ಬಾಯಿ ಉತ್ತರಿಸುತ್ತಿತ್ತು. ಕೇಳಿದ್ದಕ್ಕೆ ಹೇಳುವ ಬಾಯಿ ಅದು. ನಾನು ಅದರ ಹಿಂದೆ ಎಲ್ಲೋ ನಿಂತು ಅದು ಮುಗಿಸುವುದನ್ನೇ ಕಾಯುತ್ತಿದ್ದೆ. ಮುಗಿಯುವಾಗ ನಾವು ಸೇತುವೆಯ ಮೇಲಿದ್ದೆವು.

ಕೆಳಗೆ, ನಾಲೆಯ ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರ ಓಡುತ್ತಿತ್ತು. ಅದರ ಆರ್ಭಟಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ನಮಗೆ ಮಾತ್ರ ಅದು ಧೂಳೆಬ್ಬಿಸುತ್ತ ಮೌನವಾಗಿ ಹರಿದಾಡುವ ಹಸಿರು ಪ್ರಾಣಿಯಂತೆ ಕಂಡಿತು. ಸೇತುವೆ ಇಳಿದಲ್ಲಿ ರಸ್ತೆಯ ಅರ್ಧಕ್ಕೆ ಹುರುಳಿ ಹಾಸಿತ್ತು, ಬಿಸಿಲಿಗೆ ಒಣಗಿದ ಹಳದಿ ಕಂದು ಬಣ್ಣ. ಮಲ್ಲಿಕಾರ್ಜುನ್ ಚಕ್ರವನ್ನು ನೇರ ಅದರ ಮೇಲಕ್ಕೆ ತಿರುಗಿಸಿದರು. ಸಹಾಯ ಮಾಡಲೆಂದು. ಪರದೆಯ ಮೇಲೆ ರಸ್ತೆ ಖಾಲಿಯಿತ್ತು.

ಆ ಕಂದು ಬಣ್ಣದ ಒಂದು ಭಾಗ ಅಲ್ಲಾಡಿತು. ಅದು ಹುರುಳಿಯಲ್ಲ. ಒಗೆದು ಒಗೆದು ಹುರುಳಿಯ ಬಣ್ಣಕ್ಕೇ ತಿರುಗಿದ್ದ ಒಂದು ಸೀರೆ, ತಲೆಯ ಮೇಲೆ ಹೊದ್ದ ಸೆರಗು, ಬಗ್ಗಿದ ಬೆನ್ನು. ಪೊರಕೆ ಹಿಡಿದ ಕೈ ಹೋಗಿ ಬರುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಇಬ್ಬರ ಸೀಟಿನ ನಡುವೆ ನಿಲುಗಡೆಯ ಬ್ರೇಕಿನ ಗುಂಡಿಯಿದೆ. ಚಾಲಕನಿಗೆ ಏನಾದರೂ ಆದರೆ ಅದನ್ನು ಮೇಲಕ್ಕೆಳೆದು ಹಿಡಿಯಿರಿ ಎಂದು ನಮಗೆ ಒಮ್ಮೆ ತೋರಿಸಿಕೊಟ್ಟಿದ್ದರು. ಎಳೆದು ಹಿಡಿದೆ. ಗಾಡಿ ಇಡಿಯಾಗಿ ನಡುಗಿತು. ಬೆಲ್ಟು ಎದೆಯನ್ನು ಹಿಂದಕ್ಕೆ ಜಗ್ಗಿತು, ನಾಗರತ್ನರ ಕೈಚೀಲ ಮುಂದಕ್ಕೆ ಹಾರಿ ಬಿತ್ತು. ಹುರುಳಿಯ ಗಿಡಗಳ ಮೇಲೆ ಚಕ್ರ ಜಾರಿತು, ಇನ್ನೂ ಜಾರಿತು. ಸೀರೆಯ ಮೇಲಿನ ತೇಪೆ ಕಾಣುವಷ್ಟು ಹತ್ತಿರವಾಯಿತು. ನಿಂತೆವು.

ಮಲ್ಲಿಕಾರ್ಜುನ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಿದ್ದರು.

ಅವ್ವ ತಿರುಗಲಿಲ್ಲ. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಯಂತ್ರ ಗದ್ದೆಯಲ್ಲಿ ಓಡುತ್ತಿತ್ತು, ಅವಳು ಗುಡಿಸುತ್ತಿದ್ದಳು. ಒಂದು ಸಲ ಪೊರಕೆ ಎಳೆದು ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಎಳೆದು ಮತ್ತೊಂದು. ನಮ್ಮ ಕಡೆಗೇ ಬರುತ್ತಿದ್ದಳು. ಬಾನೆಟ್ಟು ಎತ್ತರದ್ದು, ಮೊದಲು ಅವಳ ಬೆನ್ನು ಅದರ ಅಂಚಿನ ಕೆಳಗೆ ಮುಳುಗಿತು, ಆಮೇಲೆ ತಲೆ. ಈಗ ಎದುರಿಗೆ ಖಾಲಿ ರಸ್ತೆ. ಆಗ ಮುಂದಿನ ಕ್ಯಾಮೆರಾ ತಾನಾಗಿ ತೆರೆದುಕೊಂಡು ಪರದೆಯ ತುಂಬ ಅವಳ ಬೆನ್ನು ಮೂಡಿತು. ಅದರ ಸುತ್ತ ಗಾಡಿ ಕೆಂಪು ಗೆರೆ ಎಳೆದು ಎಚ್ಚರಿಸಿತು. ನಿಂತ ಮೇಲೆ.

"ಕಾಣ್ಲೇ ಇಲ್ವಲ್ಲ" ಎಂದರು ಮಲ್ಲಿಕಾರ್ಜುನ್. ದನಿ ಅವರದಲ್ಲವೆಂಬಂತಿತ್ತು. "ಮನುಷ್ರು ಅಂತ ಕಾಣ್ಲೇ ಇಲ್ಲ ಕಣಮ್ಮ. ಆರ್ನ್ ವಡೀಲಾ?"

"ಬೇಡ ಸಾರ್. ಬೆಚ್ಚಿಬೀಳ್ತಾಳೆ."

"ಯಾರದು, ನಿಂಗೊತ್ತಾ?"

"ನಮ್ಮವ್ವ."

ಹೇಳಿಯಾಯಿತು. ಎಷ್ಟು ಸಣ್ಣ ಮಾತು ಅದು. ಹಿಂದಿನ ಸೀಟಿನಿಂದ ನಾಗರತ್ನ "ಶಿವನೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ನಾನು ಬಾಗಿಲು ತೆರೆದೆ. ಯಂತ್ರದ ಆರ್ಭಟ ಒಮ್ಮೆಗೇ ಒಳಗೆ ನುಗ್ಗಿತು. ಇಳಿದೆ. ಬಾಗಿಲು ಸುತ್ತಿ ಮುಂದಕ್ಕೆ ಬರುವಷ್ಟರಲ್ಲಿ ಅವಳ ಬೆನ್ನು ಗಾಡಿಯ ಮುಖಕ್ಕೆ ತಾಗಿತು.

ಅವ್ವ ಕೂತಲ್ಲೇ ಕೈ ಹಿಂದಕ್ಕೆ ಚಾಚಿ, ಎಮ್ಮೆಯನ್ನು ತಳ್ಳುವಂತೆ ಅದನ್ನು ತಳ್ಳಿದಳು. ಅಂಗೈಗೆ ತಣ್ಣನೆಯ ಲೋಹ ಸಿಕ್ಕಿತು. ಕೈ ಅಲ್ಲೇ ನಿಂತಿತು. ನಿಧಾನವಾಗಿ ತಿರುಗಿದಳು. ಅವಳ ಮುಖಕ್ಕಿಂತ ಎತ್ತರಕ್ಕೆ ಆ ಗಾಡಿಯ ಮುಖವಿತ್ತು.

"ಅವ್ವ."

ನನ್ನನ್ನು ನೋಡಿದಳು. ಗಾಡಿಯನ್ನು ನೋಡಿದಳು. ಆಮೇಲೆ ಸೇತುವೆಯನ್ನು, ಅಲ್ಲಿಂದ ತನ್ನವರೆಗಿನ ರಸ್ತೆಯನ್ನು, ಗಾಡಿ ಜಾರಿದಲ್ಲಿ ಹುರುಳಿ ಎರಡು ಸಾಲಾಗಿ ಕಿತ್ತುಹೋಗಿದ್ದನ್ನು. ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಇದ್ಯಾವಾಗ ಬಂತು ಕೂಸೇ?"

"ಈಗ ಅವ್ವ. ಈಗಷ್ಟೇ."

"ಬರ್ನಿಲ್ವಲ್ಲ" ಎಂದಳು. "ನಂಗೇನೂ ಕೇಳಿಸ್ನಿಲ್ವಲ್ಲ. ಅಷ್ಟು ದೂರ್ದಿಂದ ನಂಗೆ ಗೊತ್ತಾಗ್ತಿತ್ತು. ಕಿವಿ ಓಯ್ತಾ ನಂದು?"

"ಇಲ್ಲ ಅವ್ವ. ಇದಕ್ಕೆ ಸದ್ದಿಲ್ಲ. ಇದು ಕರೆಂಟಿನ ಗಾಡಿ."

"ಸದ್ದಿಲ್ವಾ." ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿದಳು. "ಸದ್ದಿಲ್ದಲೆ ಮಾಡವ್ರಾ? ಬೇಕಂತ್ಲೇ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಶೋರೂಮಿನಲ್ಲಿ ದಿನಾ ಹೇಳುವ ಉತ್ತರ. ಅದನ್ನು ನುಂಗಿಕೊಂಡೆ.

ಮಲ್ಲಿಕಾರ್ಜುನ್ ಇಳಿದು ಬಂದಿದ್ದರು. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. "ತಪ್ಪು ತಿಳ್ಕೋಬೇಡ ತಾಯಿ. ಉಳ್ಳಿ ಮೇಲೆ ಅತ್ಸಾನ ಅಂತ್ಲೇ ಬಂದೆ."

"ಅತ್ಸಿ ಸಾ, ಅತ್ಸಿ. ಅದ್ಕೇನಂತೆ." ಅವ್ವನಿಗೆ ರೂಢಿಯ ಮಾತು ತಾನಾಗಿ ಬಂತು. ಎದ್ದು ಪಕ್ಕಕ್ಕೆ ಸರಿಯಲು ನೋಡಿದಳು. ಆಗಲಿಲ್ಲ. ಬಾನೆಟ್ಟಿನ ಮೇಲೆ ಕೈಯೂರಿದಳು, ಬಿಸಿ ತಾಗಿದವಳಂತೆ ತಟ್ಟನೆ ಹಿಂದಕ್ಕೆಳೆದುಕೊಂಡಳು. ನಾನು ತೋಳು ಹಿಡಿದು ಎಬ್ಬಿಸಿದೆ. ನಾಗರತ್ನ ನೀರಿನ ಬಾಟಲಿ ತಂದರು. ಕೊಡುವಾಗ ಕ್ಷಣ ತಡೆದಂತೆ ನನಗನಿಸಿತು. ನಿಜವೋ ನನ್ನ ಭ್ರಮೆಯೋ ಹೇಳಲಾರೆ. ಅವ್ವ ಬಾಟಲಿಯನ್ನು ಬಾಯಿಂದ ಎತ್ತರಕ್ಕೆ ಹಿಡಿದು ಕುಡಿದಳು. ಅರ್ಧ ನೀರು ಕುತ್ತಿಗೆಗೆ ಹರಿಯಿತು.

ಆಗ ನನಗೆ ಇನ್ನೊಂದು ಗಾಡಿ ನೆನಪಾಯಿತು.

ಸುಪ್ರೀತರಿಗೆ ಫೋನ್ ಮಾಡಿದೆ. "ಸರ್, ಬಿಳೀ ಗಾಡಿ ಈ ಕಡೆ ಕಳಿಸಬೇಡಿ."

"ಹೊರಟು ಆಯ್ತಲ್ಲ ಮಧುಶ್ರೀ. ಯಾಕೆ? ಗಾಡಿಗೇನಾದ್ರೂ ಆಯ್ತಾ?"

"ರಸ್ತೇಲಿ ನಮ್ಮವ್ವ ಇದಾಳೆ ಸರ್. ಹುರುಳಿ ಒಕ್ತಿರೋದು ನಮ್ಮವ್ವ."

ಆ ಕಡೆ ಮೌನ. ನಾನು ಎಷ್ಟೋ ಬಗೆಯ ಮೌನಗಳನ್ನು ಬಲ್ಲೆ. ಇದು ಎಂಥದ್ದೆಂದು ಅಳೆಯುತ್ತ ನಿಲ್ಲಲು ಆಗ ಪುರಸೊತ್ತಿರಲಿಲ್ಲ. ಕೊನೆಗೆ, "ಅದರಲ್ಲಿರೋ ನಮ್ಮ ಹುಡುಗ ಫೋನ್ ತೆಗೀತಿಲ್ಲ, ಪ್ರಯತ್ನ ಮಾಡ್ತಾನೇ ಇರ್ತೀನಿ. ನೀವು ಅಲ್ಲೇ ನಿಲ್ಲಿಸಿ. ಹೇಗಾದ್ರೂ ನಿಲ್ಲಿಸಿ" ಎಂದರು.

"ಅವ್ವ, ಪಕ್ಕಕ್ಕೆ ಬಾ. ರಸ್ತೆಗೆ ಇಳೀಬೇಡ. ಇನ್ನೊಂದು ಬರ್ತಾ ಇದೆ."

"ಇನ್ನೊಂದಾ?" ಎಂದಳು. ಅಷ್ಟೊತ್ತು ಕಾಣದ್ದು ಆಗ ಅವಳ ಕಣ್ಣಿಗೆ ಬಂತು. ಬಸ್ಸಿಗೆ, ಲಾರಿಗೆ ಬೆನ್ನು ಕೊಟ್ಟು ಕೂರುತ್ತಿದ್ದ ನಮ್ಮವ್ವ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ.

ಅವಳನ್ನು ನಾಗರತ್ನರ ಹತ್ತಿರ ಬಿಟ್ಟು ಸೇತುವೆಗೆ ಓಡಿದೆ. ಕಂಪನಿ ಕೊಟ್ಟ ಎತ್ತರ ಹಿಮ್ಮಡಿಯ ಚಪ್ಪಲಿ ಹುರುಳಿಯಲ್ಲಿ ಸಿಕ್ಕಿ ಕಳಚಿಹೋಯಿತು, ಬರಿಗಾಲಲ್ಲೇ ಏರಿದೆ. ಮೇಲೆ ನಿಂತು ಆಚೆ ನೋಡಿದರೆ ರಸ್ತೆ ಕಬ್ಬಿನ ಹೊಲದ ಹಿಂದೆ ತಿರುಗಿ ಮರೆಯಾಗುತ್ತದೆ. ಅದರಾಚೆ ಏನಿದೆಯೆಂದು ಕಾಣುವುದಿಲ್ಲ. ಕಿವಿಗೊಟ್ಟೆ. ಗದ್ದೆಯ ಯಂತ್ರದವರು ಊಟಕ್ಕೋ ಏನೋ ಅದೇ ಹೊತ್ತಿಗೆ ಯಂತ್ರ ನಿಲ್ಲಿಸಿದರು. ನಾಲೆಯ ನೀರಿನ ಸದ್ದು ಕೇಳಿತು, ಕಬ್ಬಿನ ಗರಿಗಳ ಸದ್ದು ಕೇಳಿತು. ಬೇರೇನೂ ಇಲ್ಲ. ಬರುತ್ತಿಲ್ಲ ಎಂದೂ ಅರ್ಥ, ಬಂದೇಬಿಟ್ಟಿದೆ ಎಂದೂ ಅರ್ಥ. ಮೌನವನ್ನು ಇಷ್ಟು ವರ್ಷ ನನ್ನದೆಂದುಕೊಂಡಿದ್ದೆ.

ಕಬ್ಬಿನ ಅಂಚಿನಿಂದ ಬಿಳಿ ಗಾಡಿ ಜಾರಿಬಂತು. ಗಾಳಿಗೆ ಹಾಳೆಯೊಂದು ಹಾರಿಬಂದ ಹಾಗೆ. ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿದೆ. ಅದು ನನ್ನನ್ನು ಏನೆಂದು ತೋರಿಸುತ್ತಿರಬಹುದು, ಗೊಂಬೆಯೋ, ಲಾರಿಯೋ, ಖಾಲಿ ರಸ್ತೆಯೋ ಎಂದು ಯೋಚನೆ ಬಂತು. ಕೈ ಇಳಿಸಲಿಲ್ಲ. ಅದು ವೇಗ ಇಳಿಸಿತು, ಆ ಸೊಳ್ಳೆಯ ದನಿ ಮೂಡಿತು, ನಿಂತಿತು. ಗಾಜು ಇಳಿಸಿ ಒಳಗಿನಿಂದ ಯಾರೋ, "ಏನಮ್ಮಾ, ಜೀವ ಬೇಡ್ವಾ ನಿಂಗೆ?" ಎಂದು ಬೈದರು. ಮುಂದೆ ರಸ್ತೆ ಇಲ್ಲ ಸಾರ್, ದಯವಿಟ್ಟು ಹಿಂದಕ್ಕೆ ಹೋಗಿ ಎಂದೆ. ತಿರುಗಿಸಿಕೊಂಡು ಹೋದರು. ಹೋದದ್ದೂ ಕೇಳಿಸಲಿಲ್ಲ.

ತಿರುಗಿ ಕೆಳಗೆ ನೋಡಿದೆ. ಮಲ್ಲಿಕಾರ್ಜುನ್ ಬೂದು ಗಾಡಿಯ ಪಕ್ಕದಲ್ಲಿ ನಿಂತೇ ಇದ್ದರು, ಒಳಗೆ ಕೂರಲು ಮನಸ್ಸಿಲ್ಲದವರಂತೆ. ಅವ್ವ ರಸ್ತೆಯಂಚಿನಲ್ಲಿ ಉಳಿದಿರಲಿಲ್ಲ. ಬಿಸಿಲು ಏರುತ್ತಿತ್ತು, ಕಾಳು ರಸ್ತೆಯ ಮೇಲೆ ಬಿದ್ದಿತ್ತು. ಕೂತು ಗುಡಿಸುತ್ತಿದ್ದಳು.

ಆದರೆ ಈಗ ಮುಖ ಸೇತುವೆಯ ಕಡೆಗಿತ್ತು. ಗಾಳಿ ನನ್ನ ಬೆನ್ನ ಹಿಂದಿನಿಂದ ಬೀಸಿ ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಪೊರಕೆ ಆಡಿಸಿದಾಗಲೆಲ್ಲ ಹೊಟ್ಟು ಎದ್ದು ಅವಳ ಮೇಲೇ ಬೀಳುತ್ತಿತ್ತು. ಅವಳು ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಉರಿಯುವ ಕಣ್ಣನ್ನು ಹಾಗೇ ತೆರೆದಿಟ್ಟುಕೊಂಡು, ನಾನು ನಿಂತಿದ್ದ ಸೇತುವೆಯನ್ನೇ, ನನ್ನ ಹಿಂದಿನ ಖಾಲಿ ರಸ್ತೆಯನ್ನೇ ನೋಡುತ್ತ ಗುಡಿಸುತ್ತಿದ್ದಳು.